ಮಳೆಗಾಲದ ಬ್ರಾಯ್ಲರ್: ಕೊಡಗಿನಲ್ಲಿ ಚಳಿಗಿಂತ ತೇವವೇ ಶತ್ರು

ಜೂನ್ ಮಳೆ ಹಿಡಿದ ಕೂಡಲೇ ಕೊಡಗಿನ ಸಣ್ಣ ಕೋಳಿ ಸಾಕಣೆದಾರರು ಶೆಡ್ಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಕಟ್ಟುತ್ತಾರೆ. ಇರಚಲು ಹೊಡೆಯಬಾರದು, ಕೋಳಿಗೆ ಚಳಿಯಾಗಬಾರದು ಎಂಬ ಕಾಳಜಿ ಸರಿಯೇ. ಆದರೆ ಮಡಿಕೇರಿ, ಸೋಮವಾರಪೇಟೆ, ಭಾಗಮಂಡಲದ ಕಡೆ ಮಳೆಗಾಲದ ಬ್ಯಾಚು ಕೈಕೊಡುವುದು ಹೆಚ್ಚಾಗಿ ಚಳಿಯಿಂದಲ್ಲ. ಶೆಡ್ಡಿನ ಒಳಗೇ ಹುಟ್ಟಿ, ಹೊರಹೋಗಲು ದಾರಿ ಸಿಗದ ತೇವದಿಂದ.

ಲೆಕ್ಕ ಹಾಕಿ ನೋಡಿ. ಐದನೇ ವಾರದ ಬ್ರಾಯ್ಲರ್ ದಿನಕ್ಕೆ ಸುಮಾರು 150 ಗ್ರಾಂ ಆಹಾರ ತಿಂದು, ಅದರ ಹೆಚ್ಚುಕಡಿಮೆ ಎರಡು ಪಟ್ಟು ನೀರು ಕುಡಿಯುತ್ತದೆ. 200 ಕೋಳಿಗೆ ದಿನಕ್ಕೆ 60 ಲೀಟರ್ ಆಯಿತು. ಅದರಲ್ಲಿ ಮೈಗೆ ಸೇರುವುದು ಸಣ್ಣ ಪಾಲು. ಉಳಿದದ್ದು ಹಿಕ್ಕೆಯಾಗಿ, ಉಸಿರಾಗಿ ಶೆಡ್ಡಿನೊಳಗೆ ಬೀಳುತ್ತದೆ. ಹೊರಗಿನ ಒಂದು ಹನಿ ಮಳೆ ಒಳಗೆ ಬರದಿದ್ದರೂ ಇಷ್ಟು ನೀರು ದಿನವೂ ಗಾಳಿಯ ಜೊತೆ ಹೊರಗೆ ಹೋಗಲೇಬೇಕು. ಟಾರ್ಪಾಲು ಬಿಗಿದರೆ ಅದು ನೆಲಕ್ಕೆ ಹರಡಿದ ಹೊಟ್ಟಿನ ಹಾಸಿನಲ್ಲಿ ಇಂಗುತ್ತದೆ, ರಾತ್ರಿ ತಣ್ಣಗಾದ ತಗಡಿಗೆ ಆವಿಯಾಗಿ ತಾಗಿ ಮತ್ತೆ ಹನಿಯಾಗಿ ಕೋಳಿಯ ಮೇಲೇ ಬೀಳುತ್ತದೆ. ಬೆಳಿಗ್ಗೆ ‘ಶೀಟು ಸೋರುತ್ತಿದೆ’ ಎಂದು ಮೇಲೆ ಹತ್ತಿ ತೂತು ಹುಡುಕುವವರು ಮೊದಲು ಈ ಆವಿಯನ್ನು ಅನುಮಾನಿಸಬೇಕು.

ಪರಿಹಾರ ಪರದೆ ಕಟ್ಟುವ ರೀತಿಯಲ್ಲೇ ಇದೆ. ಪರದೆಯ ಕೆಳಅಂಚನ್ನು ಪಕ್ಕದ ಗಿಡ್ಡ ಗೋಡೆಗೆ ಭದ್ರವಾಗಿ ಬಿಗಿದು, ಮೇಲಂಚನ್ನು ಹಗ್ಗ ಮತ್ತು ರಾಟೆಯಿಂದ ಮೇಲಕ್ಕೆ ಎಳೆಯುವಂತೆ ಮಾಡಿ. ಎಷ್ಟೇ ಮಳೆಯಿರಲಿ, ಸೂರಿನ ಕೆಳಗೆ ಒಂದರಿಂದ ಒಂದೂವರೆ ಅಡಿ ತೆರೆದೇ ಇರಲಿ. ಬೆಚ್ಚಗಿನ ತೇವದ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತದೆ, ನೆಲದಲ್ಲಿರುವ ಕೋಳಿಗೆ ಗಾಳಿ ನೇರ ಹೊಡೆಯುವುದಿಲ್ಲ. ಬಹಳ ಕಡೆ ಕಾಣುವುದು ಇದರ ಉಲ್ಟಾ: ಮೇಲಿನಿಂದ ಇಳಿಬಿಟ್ಟ ಪರದೆಯನ್ನು ಕೆಳಗಿನಿಂದ ಸುತ್ತಿ ಎತ್ತುತ್ತಾರೆ. ತಣ್ಣನೆಯ ಗಾಳಿ ಕೋಳಿಯ ಮೈಗೆ ಬಡಿಯುತ್ತದೆ, ಕೆಟ್ಟ ಗಾಳಿ ಮೇಲೆ ಹಾಗೇ ಉಳಿಯುತ್ತದೆ. ಆ ಒಂದೂವರೆ ಅಡಿಯಿಂದ ಇರಚಲು ಬರಬಾರದೆಂದರೆ ಸೂರಿನ ಚಾಚು ನಾಲ್ಕು ಅಡಿಯಾದರೂ ಬೇಕು. ಬಯಲುಸೀಮೆಯ ಶೆಡ್ಡಿನ ನಕ್ಷೆ ನೋಡಿ ಎರಡೂವರೆ ಅಡಿ ಬಿಟ್ಟರೆ ಇಲ್ಲಿನ ಗಾಳಿಮಳೆಗೆ ಸಾಲದು.

ಹಾಸಿಗೆ ಭತ್ತದ ಹೊಟ್ಟು ಒಳ್ಳೆಯದು. ಬೇಸಿಗೆಯಲ್ಲಿ ಎರಡು ಇಂಚು ಸಾಕು, ಮಳೆಗಾಲಕ್ಕೆ ಮೂರರಿಂದ ನಾಲ್ಕು ಇಂಚು ಹಾಕಿ. ಹೊಟ್ಟನ್ನು ಮೇ ತಿಂಗಳಲ್ಲೇ ತಂದು ಒಣಗಿಸಿ ಮೂಟೆ ಕಟ್ಟಿಡಿ. ಜುಲೈನಲ್ಲಿ ಸಿಗುವ ಹೊಟ್ಟಿಗೆ ಆಗಲೇ ಬೂಷ್ಟು ಹಿಡಿದಿರುತ್ತದೆ. ಬೂಷ್ಟಿನ ಹೊಟ್ಟು ಹಾಸಿದರೆ ಮೊದಲ ವಾರದಲ್ಲೇ ಮರಿಗಳು ಬಾಯಿ ತೆರೆದು ಉಸಿರೆಳೆಯುತ್ತ ಸಾಯತೊಡಗುತ್ತವೆ. ಅದು ಶ್ವಾಸಕೋಶಕ್ಕೆ ಶಿಲೀಂಧ್ರ ಹಿಡಿದದ್ದು, ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ.

ಹಾಸಿನ ತೇವ ಅಳೆಯಲು ಉಪಕರಣ ಬೇಡ. ಡ್ರಿಂಕರಿನಿಂದ ಮೂರು ಅಡಿ ದೂರದಲ್ಲಿ ಒಂದು ಹಿಡಿ ಹಾಸು ತೆಗೆದು ಗಟ್ಟಿಯಾಗಿ ಹಿಂಡಿ, ಮುಷ್ಟಿ ಬಿಡಿಸಿ. ಉಂಡೆ ಹಾಗೇ ನಿಂತರೆ ತೇವ ಜಾಸ್ತಿ. ಸ್ವಲ್ಪ ಅಂಟಿ, ಬೆರಳು ಬಿಡಿಸಿದಂತೆ ಉದುರಿದರೆ ಸರಿಯಾಗಿದೆ. ಒಂದಿಷ್ಟೂ ಅಂಟದಿದ್ದರೆ ಧೂಳು ಏಳುವಷ್ಟು ಒಣಗಿದೆ, ಆದರೆ ಮಳೆಗಾಲದಲ್ಲಿ ಆ ಚಿಂತೆ ಬರುವುದಿಲ್ಲ. ಇದರ ಜೊತೆಗೆ ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟ ತಕ್ಷಣ ಕುಕ್ಕರುಗಾಲಲ್ಲಿ ಕೂತು, ಮುಖವನ್ನು ಕೋಳಿಯ ಎತ್ತರಕ್ಕೆ ತಂದು ಉಸಿರೆಳೆದುಕೊಳ್ಳಿ. ಮೂಗಿಗೆ ಘಾಟು ಹೊಡೆದರೆ ಅಮೋನಿಯಾ ಕಟ್ಟಿದೆ ಎಂದೇ ಅರ್ಥ. ನಿಂತ ಮನುಷ್ಯನಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಹತ್ತು ನಿಮಿಷ ಒಳಗಿದ್ದರೆ ಮೂಗೂ ಒಗ್ಗಿಹೋಗುತ್ತದೆ. ಕೋಳಿಗೆ ಮಾತ್ರ ಹಗಲೂ ರಾತ್ರಿ ಅದೇ ಗಾಳಿ: ಕಣ್ಣು ಉರಿ, ಶ್ವಾಸನಾಳಕ್ಕೆ ಗಾಯ, ಅದರ ಹಿಂದೆಯೇ ಕ್ರಾನಿಕ್ ಕೆಮ್ಮು. ಚಳಿಯೂ ಕೆಟ್ಟ ಗಾಳಿಯೂ ಸೇರಿದರೆ ಬೇಗ ಬೆಳೆದ, ತೂಕವುಳ್ಳ ಕೋಳಿಗಳೇ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ.

ಒದ್ದೆ ಹಾಸಿಗೆ ಸುಣ್ಣ ಎರಚುವುದು ನಮ್ಮಲ್ಲಿ ರೂಢಿ. ಕೋಳಿ ಒಳಗಿರುವಾಗ ಇದನ್ನು ಮಾಡಬೇಡಿ. ಸುಣ್ಣ ಹಾಸಿನ ಕ್ಷಾರ ಹೆಚ್ಚಿಸಿ, ಕಟ್ಟಿಕೊಂಡಿದ್ದ ಅಮೋನಿಯಾವನ್ನು ಒಮ್ಮೆಲೇ ಎಬ್ಬಿಸುತ್ತದೆ. ಸುಣ್ಣದ ಕೆಲಸ ಬ್ಯಾಚು ಖಾಲಿಯಾದ ಮೇಲೆ. ಕೋಳಿ ಇರುವಾಗ ಹೆಪ್ಪುಗಟ್ಟಿದ ಹಾಸನ್ನು ಬುಟ್ಟಿಯಲ್ಲಿ ಎತ್ತಿ ಹೊರಹಾಕಿ ಒಣ ಹೊಟ್ಟು ತುಂಬಿ, ಉಳಿದದ್ದನ್ನು ವಾರಕ್ಕೆ ಎರಡು ಸಲ ಮಗುಚಿ. ಮಗುಚುವಾಗ ಪರದೆಯ ಮೇಲಂಚು ಇಳಿಸಿ ಗಾಳಿಗೆ ತೆರೆದಿಡಿ. ಹೆಪ್ಪು ಯಾವಾಗಲೂ ಡ್ರಿಂಕರಿನ ಸುತ್ತಲೇ ಶುರುವಾಗುವುದರಿಂದ ಡ್ರಿಂಕರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ, ಮೂರು ದಿನಕ್ಕೊಮ್ಮೆ ಎತ್ತರಿಸಿ. ಕೊಕ್ಕು ತಾಗಿದಾಗಷ್ಟೇ ಹನಿ ಬಿಡುವ ನಿಪ್ಪಲ್ ಡ್ರಿಂಕರ್ ಹಾಕಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ, ಖರ್ಚಿಗೆ ತಕ್ಕ ಫಲ ಇದೆ.

ಒದ್ದೆ ಹಾಸಿನ ದೊಡ್ಡ ದಂಡ ರಕ್ತಭೇದಿ. ಅದನ್ನು ತರುವ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಯ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದಾಗ ನಿರುಪದ್ರವಿ. ತೇವ, ಶಾಖ, ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಸೋಂಕು ತಗಲಿಸುವಷ್ಟು ಬಲಿಯುತ್ತದೆ. ಮೂರರಿಂದ ಐದನೇ ವಾರದಲ್ಲಿ ಕೋಳಿ ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿ ಮೂಲೆಯಲ್ಲಿ ನಿಂತರೆ, ಹಿಕ್ಕೆ ಕಂದು ಅಥವಾ ರಕ್ತಮಿಶ್ರಿತವಾಗಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಆ್ಯಂಪ್ರೋಲಿಯಂ ನೀರಿನಲ್ಲಿ ಕೊಡುತ್ತಾರೆ, ಆದರೆ ಹಾಸು ಒದ್ದೆಯಾಗಿಯೇ ಇದ್ದರೆ ಔಷಧ ನಿಲ್ಲಿಸಿದ ಮೇಲೆ ಮತ್ತೆ ಬರಬಹುದು. ಫಿನಾಯಿಲಿಗೂ ಬ್ಲೀಚಿಂಗಿಗೂ ಈ ಮೊಟ್ಟೆ ಸಾಯುವುದಿಲ್ಲ. ಖಾಲಿ ಶೆಡ್ಡಿನ ನೆಲಕ್ಕೆ ಕುದಿಯುವ ನೀರು ಅಥವಾ ಬೆಂಕಿ ಬರ್ನರು, ಅದಾದ ಮೇಲೆ ಪೂರ್ತಿ ಒಣಗಿಸುವುದು, ಇದೇ ದಾರಿ.

ಹಾಗಾದರೆ ಚಳಿ? ಚಳಿಯ ಚಿಂತೆ ಮುಖ್ಯವಾಗಿ ಮೊದಲ ಎರಡು ವಾರದ್ದು, ಆಗ ಅದು ನಿಜಕ್ಕೂ ದೊಡ್ಡದು. ಮರಿಯ ಬೆನ್ನಿನ ಮಟ್ಟದಲ್ಲಿ ಮೊದಲ ವಾರ 33ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸಿ. ಮರಿ ಬರುವ ಹಿಂದಿನ ದಿನವೇ ಹಾಸು ಬೆಚ್ಚಗಾಗಿರಬೇಕು. ಎಲ್‌ಇಡಿ ಬಲ್ಬಿನಿಂದ ಶಾಖ ಬರುವುದಿಲ್ಲ. 250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬು ಒಂದಕ್ಕೆ ನಮ್ಮ ಚಳಿಯಲ್ಲಿ 100 ಮರಿ ಲೆಕ್ಕ ಇಟ್ಟುಕೊಳ್ಳಿ. ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವ ಊರಿನಲ್ಲಿ ಗ್ಯಾಸ್ ಬ್ರೂಡರ್ ಅಥವಾ ಇದ್ದಿಲಿನ ಒಲೆ ಸಿದ್ಧ ಇರಲೇಬೇಕು. ಇದ್ದಿಲನ್ನು ಹೊರಗೆ ಕೆಂಪಗೆ ಕಾಯಿಸಿ, ಹೊಗೆ ಅಡಗಿದ ಮೇಲೆ ಒಳಗೆ ಇಡಿ. ಆಗಲೂ ಮೇಲಿನ ಸಂದು ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಾನಿಲ ಮರಿಗಳನ್ನೂ ಕಾಯಲು ಕೂತವರನ್ನೂ ಸದ್ದಿಲ್ಲದೆ ಕೊಲ್ಲುತ್ತದೆ.

ಶಾಖ ಸಾಕಾಗಿದೆಯೇ ಎಂದು ಮರಿಯ ಪಾದವನ್ನು ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಹಾಸು ತಣ್ಣಗಿದೆ. ಬಂದ ರಾತ್ರಿ ಹತ್ತಿಪ್ಪತ್ತು ಮರಿಗಳ ಕೊರಳ ಬುಡದ ಮೇವುಚೀಲ ಮುಟ್ಟಿ: ದುಂಡಗೆ, ಮೆತ್ತಗೆ ಇರಬೇಕು. ಕಾಳಿನಂತೆ ಗಟ್ಟಿಯಿದ್ದರೆ ತಿಂದಿದೆ, ಕುಡಿದಿಲ್ಲ. ಏಳನೇ ದಿನ ಮರಿ ಬಂದಾಗಿನ ತೂಕದ ನಾಲ್ಕು ಪಟ್ಟು ತೂಗಬೇಕು. ತೂಗದಿದ್ದರೆ ಬ್ರೂಡಿಂಗಿನಲ್ಲೇ, ಅಂದರೆ ಮರಿಗೆ ಶಾಖ ಕೊಟ್ಟು ಸಾಕುವ ಹಂತದಲ್ಲೇ ತಪ್ಪಿದೆ.

ಲಸಿಕೆ ವಿಚಾರ ಚಿಕ್ಕದು. ಕೊಕ್ಕರೆ ರೋಗಕ್ಕೆ (ರಾಣಿಖೇತ್) 5ರಿಂದ 7ನೇ ದಿನ ಕಣ್ಣಿಗೆ ಹನಿ, ಗುಂಬೋರೋ ಎಂಬ ವೈರಸ್ ರೋಗಕ್ಕೆ 12ರಿಂದ 14ನೇ ದಿನ ನೀರಿನಲ್ಲಿ, ಮತ್ತೆ ಕೊಕ್ಕರೆ ರೋಗಕ್ಕೇ ಲಸೋಟಾ ಲಸಿಕೆ 21ನೇ ದಿನದ ಸುಮಾರಿಗೆ. ಮಳೆಗಾಲದಲ್ಲಿ ಬಾವಿ, ತೋಡಿನ ನೀರು ಕದಡುವುದರಿಂದ ಕ್ಲೋರಿನ್ ಹಾಕುತ್ತೇವಲ್ಲ, ನೀರಿನಲ್ಲಿ ಲಸಿಕೆ ಕೊಡುವುದಕ್ಕೆ ಎರಡು ದಿನ ಮುಂಚೆ ಅದನ್ನು ನಿಲ್ಲಿಸಿ. ಕ್ಲೋರಿನ್ ಲಸಿಕೆಯನ್ನು ಕೊಲ್ಲುತ್ತದೆ. ಲಸಿಕೆ ನೀರಿಗೆ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ. ಆಹಾರದ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ, ಹತ್ತು ದಿನಕ್ಕಾಗುವಷ್ಟೇ ತನ್ನಿ.

ಕೋಳಿಗೆ ಒಂದು ಚದರ ಅಡಿ ಎಂಬ ಲೆಕ್ಕ ಬೇಸಿಗೆಗೂ ಮಳೆಗೂ ಒಂದೇ ಎಂದುಕೊಳ್ಳಬೇಡಿ. 200 ಚದರ ಅಡಿಯ ಶೆಡ್ಡಿಗೆ ಜುಲೈನಲ್ಲಿ 160 ಮರಿ ಸಾಕು. ಕಡಿಮೆ ಕೋಳಿಯೆಂದರೆ ಕಡಿಮೆ ನೀರು, ಒಣಗಿದ ಹಾಸು. ಪರದೆ, ಸೂರು ಇನ್ನೂ ಸರಿಮಾಡಿಲ್ಲವಾದರೆ ಜುಲೈ ಬ್ಯಾಚನ್ನೇ ಬಿಟ್ಟು ಶೆಡ್ಡು ಖಾಲಿ ಇಡಿ. ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಜನ ಹುಡುಕುವುದು ಹೇಗೂ ನಾಟಿ ಕೋಳಿಯನ್ನು. ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮಾರುವ ಬ್ಯಾಚಿಗೆ ಹಬ್ಬಕ್ಕೆ ಆರು ವಾರ ಮುಂಚೆ ಮರಿ ಇಳಿಸಿದರಾಯಿತು. ಅಷ್ಟರಲ್ಲಿ ಮಳೆಯ ಜೋರು ಇಳಿದಿರುತ್ತದೆ, ಪರದೆ ಸರಿಪಡಿಸಲು ಸಮಯವೂ ಸಿಕ್ಕಿರುತ್ತದೆ.