ಪೆಟ್ಟಿಗಿ ಹಳೇದಾಗವಲ್ದು, ಬೆಕ್ಕ ಪರಚಿದಂಗಾಗೇತಿ

ಪ್ರಶ್ನೆ: "ಅಜ್ಜಿ ಕಾಲದ ಕಟ್ಟಿಗಿ ಪೆಟ್ಟಿಗಿ ಐತ್ರಿ. ಮದಲ ಕಂದು ಬಣ್ಣ, ಅದರ ಮ್ಯಾಲ ಹಸರ ಹಚ್ಚಿ, ಬಳಸಿ ಹಳೇದಾದಂಗ ಕಾಣ್ಲಿ ಅಂತ ಸ್ಯಾಂಡ್ ಪೇಪರ್‌ಲೆ ತಿಕ್ಕೇನಿ. ಸವದಂಗ ಕಾಣವಲ್ದು, ಬೆಕ್ಕ ಪರಚಿದಂಗ ಕಾಣತೈತಿ. ಎಲ್ಲಿ ತಪ್ಪೇತ್ರಿ?" (ಗುಳೇದಗುಡ್ಡದ ಓದುಗರು)

ತಿಕ್ಕಿದ ಜಾಗ ತಪ್ಪಿದೆ. ಊರಿನ ಯಾವುದಾದರೂ ಹಳೆ ಮನೆಯ ತಲಬಾಗಿಲ ಮುಂದೆ ಐದು ನಿಮಿಷ ನಿಂತು ನೋಡಿ. ಚಿಲಕದ ಸುತ್ತ ಬಣ್ಣ ಹೋಗಿ ಕಟ್ಟಿಗೆ ಮಿರುಗುತ್ತಿರುತ್ತದೆ. ಕೆಳಪಟ್ಟಿಗೆ ಕಸಬರಿಗೆ ತಾಗಿ, ನೀರು ಸಿಡಿದು ಬಣ್ಣ ಚಕ್ಕೆ ಎದ್ದಿರುತ್ತದೆ. ಮೇಲಿನ ಮೂಲೆಯಲ್ಲಿ ಮಾತ್ರ ಹಿಂದಿನ ಎಷ್ಟೋ ದೀಪಾವಳಿಗಳ ಬಣ್ಣ ದಪ್ಪಗೆ ಕೂತಿರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವ ಹೊಸ ಬಾಗಿಲೂ ಮುಂದೆ ಹೀಗೇ ಸವೆಯುತ್ತದೆ, ಕೈ ಆಡಿದಲ್ಲಿ, ಕಾಲು ತಾಗಿದಲ್ಲಿ.

ಪೆಟ್ಟಿಗೆಗೂ ಇದೇ ಲೆಕ್ಕ. ಮುಚ್ಚಳ ಎತ್ತುವ ಅಂಚು, ಕೊಂಡಿಯ ಸುತ್ತ, ಮೂಲೆಗಳು, ನೆಲಕ್ಕೆ ಹತ್ತಿದ ಪಟ್ಟಿ, ಇಷ್ಟೇ ತಿಕ್ಕಿ. ಹಲಗೆಯ ನಡುಭಾಗವನ್ನು ಬಿಟ್ಟುಬಿಡಿ. ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದರೆ ಕಳ್ಳತನ ಥಟ್ಟನೆ ಸಿಕ್ಕಿಬೀಳುತ್ತದೆ. ಸ್ಯಾಂಡ್ ಪೇಪರ್ 220 ನಂಬರಿನ ನಯದ್ದು ಸಾಕು, ಕಟ್ಟಿಗೆಯ ಎಳೆಯ ಗುಂಟ ಆಡಿಸಿ. 80ರ ಒರಟು ಕಾಗದ ಅಡ್ಡಡ್ಡ ಎಳೆದರೆ ಬೆಕ್ಕು ಪರಚಿದ್ದೇ ಆಗುತ್ತದೆ.

ಆದರೆ ಕಾಗದ ಬಣ್ಣವನ್ನು ತೆಳುವಾಗಿಸುತ್ತದೆಯೇ ಹೊರತು ಚಕ್ಕೆ ಎಬ್ಬಿಸುವುದಿಲ್ಲ. ಅದಕ್ಕೆ ಮೇಣದಬತ್ತಿ ಬೇಕು. ಕಂದು ಬಣ್ಣ ಪೂರ್ತಿ ಒಣಗಿದ ಮೇಲೆ, ಸವೆಯಬೇಕಾದ ಕಡೆ ಮೇಣದಬತ್ತಿಯನ್ನು ಒತ್ತಿ ತಿಕ್ಕಿ, ಮೇಲೆ ಹಸಿರು ಹಚ್ಚಿ. ಮೇಣದ ಮೇಲೆ ಬಣ್ಣ ಹಿಡಿಯುವುದಿಲ್ಲ. ಒಣಗಿದಾಗ ಮೊಂಡು ಚಾಕುವಿನಿಂದ ಕೆರೆದರೆ ಅಂಕುಡೊಂಕಾಗಿ ಎದ್ದು ಬರುತ್ತದೆ. ಎರಡೂ ಪದರಕ್ಕೆ ನೀರಿನಲ್ಲಿ ಕಲಸುವ ಎಮಲ್ಶನ್ ಒಳ್ಳೆಯದು. ಆಯಿಲ್ ಪೇಂಟ್ ಅರೆಬರೆ ಒಣಗಿದ್ದರೆ ಕಾಗದಕ್ಕೇ ಮೆತ್ತಿಕೊಳ್ಳುತ್ತದೆ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಎಮಲ್ಶನ್ ಬೇಗ ಒಣಗಿದಂತೆ ಕಂಡರೂ ಒಂದು ರಾತ್ರಿ ಬಿಡಿ. ಬೆಳಗಾವಿಯ ಜುಲೈ ಮಳೆಯಲ್ಲಾದರೆ ಇನ್ನೊಂದು ದಿನ ಹೆಚ್ಚಿಗೆ.

ಅಜ್ಜಿ ಕಾಲದ್ದು ಅಂದಿರಿ. ಹೊಸ ಬಣ್ಣದ ಅಡಿ ಹಳೆ ಬಣ್ಣ ಉಳಿದಿದ್ದರೆ ಹುಷಾರು, ಅದರಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್ 1ಕ್ಕೆ. ಹಳೆ ಪದರಕ್ಕೆ ಹೋಗುವಷ್ಟು ಒಣದಾಗಿ ತಿಕ್ಕಬೇಡಿ. ನೀರು ತಡೆಯುವ ಸ್ಯಾಂಡ್ ಪೇಪರ್ ತಂದು ಒದ್ದೆ ಮಾಡಿಕೊಂಡೇ ತಿಕ್ಕಿ, ಮಕ್ಕಳನ್ನು ದೂರ ಇಡಿ, ರೊಜ್ಜನ್ನು ಹಸಿ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಎಸೆದುಬಿಡಿ. (ಪೆಟ್ಟಿಗೆ ಸಾಗವಾನಿಯದಾಗಿ, ಕೆತ್ತನೆಯೂ ಇದ್ದಿದ್ದರೆ ನಾನು ಬಣ್ಣವನ್ನೇ ಹಚ್ಚುತ್ತಿರಲಿಲ್ಲ. ಹಚ್ಚಿಯಾಯಿತಲ್ಲ, ಇರಲಿ.)

ಈಗಿನದನ್ನು ಪೂರ್ತಿ ಕೆರೆಯಬೇಕಿಲ್ಲ. ಪರಚಿದ ನಡುಭಾಗಕ್ಕೆ ತೆಳುವಾಗಿ ಒಂದು ಕೈ ಹಸಿರು ಹೊಡೆಯಿರಿ, ಅಂಚುಗಳನ್ನು ಮುಟ್ಟಬೇಡಿ. ಎಲ್ಲಾದರೂ ಮೇಣ ಬಳಸಿದ್ದರೆ ಉಳಿದದ್ದನ್ನು ಒರೆಸಿ ತೆಗೆದು, ಕೊನೆಗೆ ಹೊಳಪಿಲ್ಲದ ನೀರಿನ ವಾರ್ನಿಶ್ ಹಚ್ಚಿ. ಮೇಣ ಉಳಿದರೆ ವಾರ್ನಿಶ್ ಕೂಡ ಅಲ್ಲಿ ಹಿಡಿಯುವುದಿಲ್ಲ.