ಒಂದೇ ಕೋಶದಲ್ಲಿ ಎರಡು ಗಡ್ಡೆ ವೈರಸ್ ಸೇರಿದರೆ ಏನಾಗುತ್ತದೆ?

ಪ್ರಶ್ನೆ: ಕೋಳಿಗಳಿಗೆ ಗಡ್ಡೆ ತರುವ ವೈರಸ್‌ಗಳಲ್ಲಿ ಹರ್ಪಿಸ್ ಗುಂಪಿನದೂ ಇದೆ, ರೆಟ್ರೊವೈರಸ್‌ಗಳೂ ಇವೆ ಎಂದು ಓದಿದೆ. ಎರಡೂ ಒಂದೇ ಕೋಶಕ್ಕೆ ಹೊಕ್ಕರೆ ಒಂದನ್ನೊಂದು ತಡೆಯುತ್ತವಾ, ಇಲ್ಲಾ ಕೈಜೋಡಿಸುತ್ತವಾ?

ಉತ್ತರ: ಹರ್ಪಿಸ್ ವೈರಸ್ ರೆಟ್ರೊವೈರಸ್‌ನ ಕೆಲಸವನ್ನು ಚುರುಕುಗೊಳಿಸಬಲ್ಲದು. ರೆಟ್ರೊವೈರಸ್ ಹರ್ಪಿಸ್ ವೈರಸ್‌ನ ಡಿಎನ್‌ಎ ಒಳಗೇ ಹೋಗಿ ಕೂರಬಲ್ಲದು. ಎರಡಕ್ಕೂ ಕೋಳಿಗಳಲ್ಲಿ ಪುರಾವೆ ಇದೆ. ಎರಡನೆಯದಂತೂ ನನಗೆ ಈಗಲೂ ಸೋಜಿಗವೇ.

ಮೊದಲು ಈ ವೈರಸ್‌ಗಳ ಪರಿಚಯ. ಹರ್ಪಿಸ್ ಕಡೆಯಿಂದ ಮಾರೆಕ್ ರೋಗದ ವೈರಸ್. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕಾಲಿನ ಸ್ವಾಧೀನ ತಪ್ಪಿದ ಹುಂಜಗಳ ಬಗ್ಗೆ ಬರೆದರು, ಅವರ ಹೆಸರೇ ರೋಗಕ್ಕೆ ಉಳಿಯಿತು. ಕಾರಣ ಹರ್ಪಿಸ್ ವೈರಸ್ ಎಂದು ತಿಳಿದದ್ದು 1967ರಲ್ಲಿ. ಇದು ಮೊದಲು ಬಿ ಕೋಶಗಳಲ್ಲಿ ಬೆಳೆದು, ನಂತರ ಟಿ ಕೋಶಗಳಲ್ಲಿ ಅಡಗಿ ಕೂರುತ್ತದೆ (ಎರಡೂ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು). ಗಡ್ಡೆಯಾಗುವುದು ಆ ಟಿ ಕೋಶಗಳೇ. ವೈರಸ್‌ನ ಸ್ವಂತ ಜೀನ್ ಮೆಕ್ ಇದರಲ್ಲಿ ಮುಖ್ಯ ಪಾತ್ರಧಾರಿ.

ರೆಟ್ರೊವೈರಸ್ ಕಡೆಯಿಂದ ಏವಿಯನ್ ಲ್ಯೂಕೋಸಿಸ್ ವೈರಸ್. ಇದರ ಬಳಿ ಇರುವುದು ಆರ್‌ಎನ್‌ಎ. ಕೋಶದೊಳಗೆ ಅದನ್ನು ಡಿಎನ್‌ಎ ಆಗಿ ಬದಲಿಸಿ ಕೋಳಿಯ ವರ್ಣತಂತುವಿಗೇ ಸೇರಿಸಿಬಿಡುತ್ತದೆ. ಆ ಡಿಎನ್‌ಎಯ ಎರಡೂ ತುದಿಯಲ್ಲಿ ಎಲ್‌ಟಿಆರ್ ಎಂಬ ಭಾಗವಿರುತ್ತದೆ. ಜೀನ್‌ಗಳನ್ನು ಚಾಲೂ ಮಾಡುವ ಸ್ವಿಚ್ ಅದು. ಸೇರಿಕೊಂಡ ಜಾಗ ಕೋಶದ ಬೆಳವಣಿಗೆ ನಡೆಸುವ ಮಿಕ್ ಎಂಬ ಜೀನ್‌ನ ಪಕ್ಕವಾದರೆ ಅದೂ ಚಾಲೂ ಆಗಿ ಉಳಿದುಬಿಡುತ್ತದೆ, ಬಿ ಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಇದನ್ನು 1981ರಲ್ಲಿ ತೋರಿಸಲಾಯಿತು.

ಈ ಸ್ವಿಚ್ಚೇ ಎರಡೂ ವೈರಸ್‌ಗಳು ಸಂಧಿಸುವ ಜಾಗ. ಹರ್ಪಿಸ್ ವೈರಸ್ ತನ್ನ ಜೀನ್‌ಗಳನ್ನು ಎಬ್ಬಿಸಲು ತಯಾರಿಸುವ ಪ್ರೊಟೀನ್‌ಗಳು ಅಷ್ಟೇನೂ ಅಚ್ಚುಕಟ್ಟಲ್ಲ. ಪಕ್ಕದಲ್ಲಿ ರೆಟ್ರೊವೈರಸ್‌ನ ಎಲ್‌ಟಿಆರ್ ಇದ್ದರೆ ಅದನ್ನೂ ಒತ್ತಿಬಿಡುತ್ತವೆ. ಆಗ ರೆಟ್ರೊವೈರಸ್ ಮಾಮೂಲಿಗಿಂತ ಜಾಸ್ತಿ ತಯಾರಾಗುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಮಾರೆಕ್ ರೋಗ ತಡೆಯಲು, ಗಡ್ಡೆ ತರದ ಹತ್ತಿರದ ನೆಂಟ ವೈರಸ್‌ಗಳನ್ನೇ ಲಸಿಕೆಯಾಗಿ ಬಳಸುತ್ತಾರೆ. ಟರ್ಕಿ ಕೋಳಿಯ ಹರ್ಪಿಸ್ ವೈರಸ್ ಒಂದು. ಎಸ್‌ಬಿ-1 ಎಂಬ, ಸೀರೋಟೈಪ್ 2ರ (ಮಾರೆಕ್ ಗುಂಪಿನ ವೈರಸ್‌ಗಳ ಎರಡನೇ ಬಗೆಯ) ತಳಿ ಇನ್ನೊಂದು. 1980ರ ದಶಕದ ಕೊನೆಯ ಹೊತ್ತಿಗೆ ಒಂದು ವಿಚಿತ್ರ ಕಂಡಿತು: ಲ್ಯೂಕೋಸಿಸ್ ವೈರಸ್ ಅಂಟಿದ ಕೆಲವು ತಳಿಯ ಕೋಳಿಗಳಿಗೆ ಸೀರೋಟೈಪ್ 2 ಲಸಿಕೆ ಕೊಟ್ಟರೆ ಬಿ ಕೋಶದ ಗಡ್ಡೆಗಳು ಹೆಚ್ಚಾದವು. ಟರ್ಕಿ ವೈರಸ್‌ನ ಲಸಿಕೆಯಿಂದ ಹಾಗೆ ಆಗಲಿಲ್ಲ. ಎಸ್‌ಬಿ-1 ಅಡಗುವುದು ಬಿ ಕೋಶಗಳಲ್ಲಿ, ಲ್ಯೂಕೋಸಿಸ್ ಹಾಳುಮಾಡುವುದೂ ಅವನ್ನೇ. ಇಬ್ಬರೂ ಒಂದೇ ಮನೆಯಲ್ಲಿ, ಅಲ್ವಾ? ಹಾಗಂತ ಲಸಿಕೆಯೇ ಕೆಟ್ಟದ್ದು ಅಂದುಕೊಳ್ಳಬೇಡಿ. ಮಾರೆಕ್ ರೋಗದಿಂದ ಅದು ಕೊಡುವ ರಕ್ಷಣೆ ನಿಜ. ತೊಂದರೆ ಕಂಡದ್ದು ಲ್ಯೂಕೋಸಿಸ್ ಮೊದಲೇ ಇದ್ದ ಹಿಂಡಿನಲ್ಲಿ, ಅದೂ ಎಲ್ಲ ತಳಿಗಳಲ್ಲಿ ಅಲ್ಲ. ಲ್ಯೂಕೋಸಿಸ್ ತಾಯಿಕೋಳಿಯಿಂದ ಮೊಟ್ಟೆಯ ಮೂಲಕ ಮರಿಗೆ ಹರಡುತ್ತದೆ. ಹಾಗಾಗಿ ತಾಯಿ ಹಿಂಡಿನಿಂದಲೇ ಅದನ್ನು ತೆಗೆದುಹಾಕುವುದು ಸರಿಯಾದ ದಾರಿ.

ಇನ್ನು ಆ ಸೋಜಿಗದ ವಿಷಯ. ಕೋಳಿಗಳಲ್ಲಿ ರೆಟಿಕ್ಯುಲೋಎಂಡೋಥೀಲಿಯೋಸಿಸ್ ವೈರಸ್ ಎಂಬ ಇನ್ನೊಂದು ರೆಟ್ರೊವೈರಸ್ ಇದೆ. ಹೆಸರು ಹೇಳುವಷ್ಟರಲ್ಲಿ ನಾಲಿಗೆ ಸುಸ್ತಾಗುತ್ತದೆ, ಆರ್‌ಇವಿ ಅನ್ನೋಣ. ಇದನ್ನೂ ಮಾರೆಕ್ ವೈರಸ್ಸನ್ನೂ ಒಂದೇ ಕೋಶದಲ್ಲಿ ಬೆಳೆಸಿದಾಗ ಆರ್‌ಇವಿ ಕೋಶದ ಡಿಎನ್‌ಎಗೆ ಮಾತ್ರ ಸೇರಲಿಲ್ಲ, ಮಾರೆಕ್ ವೈರಸ್‌ನ ಡಿಎನ್‌ಎಗೂ ಸೇರಿತು. ಇದು 1992ರಲ್ಲಿ ಪ್ರಕಟವಾಯಿತು. ಹಾಗೆ ಎಲ್‌ಟಿಆರ್ ಸೇರಿಕೊಂಡ ಆರ್‌ಎಂ-1 ಎಂಬ ತಳಿ ಗಡ್ಡೆ ತರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಆದರೆ ಸಾಧುವೇನೂ ಆಗಲಿಲ್ಲ. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯನ್ನು ಕುಗ್ಗಿಸುವ ಗುಣ ಅದರಲ್ಲಿ ಉಳಿದಿತ್ತು. ಪ್ರಯೋಗಾಲಯದ ಹೊರಗೂ ಇಂಥದ್ದು ಸಿಕ್ಕಿದೆ: 2001ರಲ್ಲಿ ಚೀನಾದ ಗುವಾಂಗ್ಸಿಯಲ್ಲಿ ಗಡ್ಡೆಯಿದ್ದ ಕೋಳಿಗಳಿಂದ ಬೇರ್ಪಡಿಸಿದ ಜಿಎಕ್ಸ್0101 ತಳಿಯಲ್ಲಿ ಆರ್‌ಇವಿಯ ಎಲ್‌ಟಿಆರ್ ಇತ್ತು, ಮತ್ತು ಅದು ಗಡ್ಡೆ ತರುತ್ತಿತ್ತು. ಅಂದರೆ ಸ್ವಿಚ್ ಸೇರಿದ ಕೂಡಲೇ ವೈರಸ್ ಮೆತ್ತಗಾಗುತ್ತದೆ ಎಂಬ ನಿಯಮವೇನೂ ಇಲ್ಲ. ಕೋಳಿ ಸಿಡುಬಿನ ವೈರಸ್‌ನ ಹಲವು ತಳಿಗಳಲ್ಲಂತೂ ಆರ್‌ಇವಿ ಬಹುತೇಕ ಇಡಿಯಾಗಿಯೇ ಕೂತಿದೆ.

ಸತ್ತ ಕೋಳಿಯಲ್ಲಿ ಎರಡೂ ವೈರಸ್ ಸಿಕ್ಕರೆ ಗಡ್ಡೆಗೆ ಯಾವುದು ಕಾರಣ? ವೈರಸ್ ಸಿಕ್ಕಿತು ಅಂದ ಮಾತ್ರಕ್ಕೆ ಅದೇ ಅಪರಾಧಿ ಅಲ್ಲ. ಗಡ್ಡೆಯಲ್ಲಿರುವುದು ಟಿ ಕೋಶವಾದರೆ, ನರಗಳು ದಪ್ಪಗಾಗಿದ್ದರೆ ಅನುಮಾನ ಮಾರೆಕ್ ಕಡೆಗೆ. ಬಿ ಕೋಶವಾಗಿ, ಅವು ಬಲಿಯುವ ಬರ್ಸಾ ಅಂಗದಲ್ಲಿ ಗಂಟುಗಳಿದ್ದು, ಕೋಳಿಗೆ ಸುಮಾರು 4 ತಿಂಗಳು ದಾಟಿದ್ದರೆ ಲ್ಯೂಕೋಸಿಸ್ ಕಡೆಗೆ. ಆರ್‌ಇವಿ ಮಾತ್ರ ಎರಡರ ವೇಷವನ್ನೂ ಹಾಕಬಲ್ಲದು, ಹಾಗಾಗಿ ಗಡ್ಡೆಯ ಕೋಶದೊಳಗಿನ ಡಿಎನ್‌ಎಯನ್ನೂ ನೋಡಬೇಕಾಗುತ್ತದೆ.