ದಿನಾ 10 ಕಿ.ಮೀ. ಓಡುವವರಿಗೂ ಹಿಮಾಲಯದ ಎತ್ತರ ತೊಂದರೆ ಕೊಡುತ್ತದೆಯೇ?

ಪ್ರಶ್ನೆ: ನಾನು ವಿಜಯಪುರದವ, ವಯಸ್ಸು 27. ಮೂರು ವರ್ಷದಿಂದ ದಿನಾ ಬೆಳಿಗ್ಗೆ 10 ಕಿ.ಮೀ. ಓಡುತ್ತೇನೆ. ಜೂನ್ ಕೊನೆಗೆ ಗೆಳೆಯರ ಜೊತೆ ಹಿಮಾಚಲ ಪ್ರದೇಶದ ಹಂಪ್ತಾ ಪಾಸ್ (ಬೆಟ್ಟ ದಾಟುವ ದಾರಿ) ಚಾರಣಕ್ಕೆ ಹೊರಟಿದ್ದೇನೆ. ‘ಬಯಲುಸೀಮಿ ಮಂದಿಗೆ ಆ ಗಾಳಿ ಒಗ್ಗಂಗಿಲ್ಲ’ ಎಂದು ಮನೆಯಲ್ಲಿ ಹೆದರಿಸುತ್ತಿದ್ದಾರೆ. ಫಿಟ್ ಇದ್ದವರಿಗೆ ಏನೂ ಆಗುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ತಪ್ಪಿದೆ. ಆದರೆ ಮನೆಯವರ ಮಾತಿಗಿಂತ ಗೆಳೆಯರ ಮಾತು ಹೆಚ್ಚು ಅಪಾಯದ್ದು. ಈ ಪ್ರಶ್ನೆಯನ್ನು ಬೆಳಗಾವಿ, ಬಾಗಲಕೋಟೆ ಕಡೆಯವರೂ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಗಾಳಿಯ ವಿಷಯ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಬೆಳಗಾವಿ ಸುಮಾರು 750 ಮೀಟರ್. ಹಂಪ್ತಾ ಪಾಸ್ ಇರುವುದು 4,270 ಮೀಟರ್ ಎತ್ತರದಲ್ಲಿ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ 21ರ ಆಸುಪಾಸೇ. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರದ ದಂಡೆಯಲ್ಲಿ ಒಂದು ಉಸಿರಿಗೆ 100 ಪಾಲು ಆಮ್ಲಜನಕ ಸಿಗುತ್ತದೆ ಎಂದುಕೊಂಡರೆ ವಿಜಯಪುರದಲ್ಲಿ 93, ಹಂಪ್ತಾದ ನೆತ್ತಿಯಲ್ಲಿ ಸುಮಾರು 60. ಇನ್ನೂ ಮೇಲೆ, 5,500 ಮೀಟರಿಗೆ ಹೋದರೆ ಅರ್ಧಕ್ಕೆ ಬರುತ್ತದೆ. ಹಾಗಾಗಿ ಮಂಗಳೂರಿನವರಿಗೂ ನಿಮಗೂ ಹೊರಡುವ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬಯಲುಸೀಮೆಯವರ ಮೈ ಬೇರೆ ಎಂಬ ಹೆದರಿಕೆ ಬಿಟ್ಟುಬಿಡಿ.

ಇನ್ನು ಓಟದ ವಿಷಯ. ದಿನಾ ಓಡಿದರೆ ಹೃದಯ ಗಟ್ಟಿಯಾಗುತ್ತದೆ, ತೊಡೆ, ಮೀನಖಂಡ ಬಲಿಯುತ್ತವೆ. ಎತ್ತರಕ್ಕೆ ಹೊಂದಿಕೊಳ್ಳುವ ಕೆಲಸ ನಡೆಯುವುದು ಬೇರೆ ಕಡೆ. ಆಮ್ಲಜನಕ ಕಡಿಮೆಯಾದ ಕೂಡಲೇ ಮೈ ಜೋರಾಗಿ ಉಸಿರಾಡತೊಡಗುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗಿ ರಕ್ತದ ಕ್ಷಾರಗುಣ ಹೆಚ್ಚುತ್ತದೆ. ಆಗ ‘ಉಸಿರು ಕಡಿಮೆ ಮಾಡು’ ಎಂದು ಮೆದುಳೇ ತಡೆಯುತ್ತದೆ. ಈ ತಡೆ ತೆಗೆಯುವುದು ಮೂತ್ರಪಿಂಡ. ಹೆಚ್ಚಾದ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತರಲು ಅದಕ್ಕೆ ಕೆಲವು ದಿನಗಳೇ ಬೇಕು. ಮೇಲೆ ಹೋದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗಿ ಬಂದರೆ ಬೇಸರ ಮಾಡಿಕೊಳ್ಳಬೇಡಿ, ಕೆಲಸ ನಡೆದಿದೆ ಎಂದರ್ಥ. ಕೆಂಪು ರಕ್ತಕಣ ಹೆಚ್ಚಾಗಲು ವಾರಗಟ್ಟಲೆ ಬೇಕು, ಐದು ದಿನದ ಚಾರಣದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ನೀವು ಮೂರು ವರ್ಷ ಓಡಿದ್ದೀರಿ ಎಂದು ಮೂತ್ರಪಿಂಡ ತನ್ನ ಕೆಲಸವನ್ನು ಒಂದು ದಿನ ಬೇಗ ಮುಗಿಸಿಕೊಡುವುದಿಲ್ಲ.

ಇದಕ್ಕೆ ಸೈನಿಕರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಬಯಲಿನಲ್ಲಿದ್ದ ನಮ್ಮ ಸೈನಿಕರನ್ನು ಅವಸರದಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಹರೆಯದವರು, ತರಬೇತಿ ಪಡೆದವರು, ಆರಿಸಿ ತೆಗೆದ ಗಟ್ಟಿಮುಟ್ಟು ಆಳುಗಳು. ಹಾಗಿದ್ದೂ ತಲೆನೋವು, ವಾಂತಿ, ಉಸಿರಾಟದ ತೊಂದರೆಯಿಂದ ಸಾಲುಸಾಲಾಗಿ ಹಾಸಿಗೆ ಹಿಡಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂಥ 1,925 ಸೈನಿಕರ ಕಾಯಿಲೆಯನ್ನು ವಿವರವಾಗಿ ದಾಖಲಿಸಿ 1969ರಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಇವತ್ತಿಗೂ ನೆನೆಯುವ ಕೆಲಸ ಅದು. ಮುಂದೆ 1976ರಲ್ಲಿ ನೇಪಾಳದ ಫೆರಿಚೆಯಲ್ಲಿ, 4,243 ಮೀಟರ್ ಎತ್ತರದಲ್ಲಿ, ವೈದ್ಯ ಪೀಟರ್ ಹ್ಯಾಕೆಟ್ ಮತ್ತಿತರರು 278 ಚಾರಣಿಗರ ಬಗ್ಗೆ ಬರೆದ ವರದಿ ಬಂತು. ಅವರಲ್ಲಿ ಶೇ 53ರಷ್ಟು ಜನರಿಗೆ ಎತ್ತರದ ಕಾಯಿಲೆ ಕಾಣಿಸಿಕೊಂಡಿತ್ತು. ಹೆಚ್ಚು ಬಳಲಿದವರು ಹರೆಯದವರು, ವಿಮಾನದಲ್ಲಿ ಬಂದಿಳಿದವರು, ಬೇಗ ಬೇಗ ಹತ್ತಿದವರು, ದಾರಿಯಲ್ಲಿ ಕಡಿಮೆ ರಾತ್ರಿ ಕಳೆದವರು. ಹೊತ್ತ ಭಾರಕ್ಕೂ ಕಾಯಿಲೆಗೂ ಸಂಬಂಧ ಕಾಣಲಿಲ್ಲ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿದೆ. ನಮ್ಮ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಮಿಲಿಟರಿಗೆ ಹೋಗಿ ಬಂದವರಿಗೆ ಕೊರತೆಯಿಲ್ಲ. ಲಡಾಖ್ ಕಡೆ ಇದ್ದು ಬಂದವರು ಸಿಕ್ಕರೆ ಮೊದಲ ವಾರ ಏನು ಮಾಡಿಸಿದರು ಎಂದು ಕೇಳಿನೋಡಿ. ಸೇನೆಯಲ್ಲಿ 9,000ದಿಂದ 12,000 ಅಡಿಯವರೆಗೆ ಆರು ದಿನ, ಅಲ್ಲಿಂದ 15,000 ಅಡಿಯವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಹೋಗಬೇಕಾದರೆ ಮತ್ತೆ ನಾಲ್ಕು ದಿನ ಹೊಂದಿಕೊಳ್ಳಲು ಕೊಡುತ್ತಾರೆ. ಮೊದಲೆರಡು ದಿನ ವಿಶ್ರಾಂತಿಯೇ. ದೇಶದ ಗಡಿ ಕಾಯುವವರಿಗೇ ಇಷ್ಟು ಸಮಯ ಬೇಕು ಅಂದಮೇಲೆ ಎಂಟು ದಿನದ ರಜೆ ಹಾಕಿ ಹೋಗುವ ನಾವು ಇನ್ನೆಷ್ಟು ಎಚ್ಚರವಾಗಿರಬೇಕು!

ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಹಂಪ್ತಾಕ್ಕೆ ನಾನು ಮೊದಲ ಸಲ ಹೋದಾಗ ಜೊತೆಯಲ್ಲಿ ಜಮಖಂಡಿ ಕಡೆಯ ಒಬ್ಬ ಪೈಲ್ವಾನ್ ಗೆಳೆಯನಿದ್ದ. ಗರಡಿಮನೆಯಲ್ಲಿ ಬೆಳೆದವನು, ದಿನಾ ಐನೂರು ಬೈಠಕ್ ಹೊಡೆಯುವವನು. ಇಳಕಲ್ ಹತ್ತಿರದ 54 ವರ್ಷದ ಮಾಸ್ತರರೊಬ್ಬರೂ ಇದ್ದರು, ತೆಳ್ಳನೆಯ ಮೈ, ಹತ್ತು ಹೆಜ್ಜೆಗೊಮ್ಮೆ ನಿಲ್ಲುವವರು. ಎರಡನೆಯ ದಿನ ಬಾಲು ಕಾ ಘೇರಾ ಎಂಬ ಜಾಗಕ್ಕೆ, ಸುಮಾರು 3,600 ಮೀಟರಿಗೆ, ಪೈಲ್ವಾನ್ ಎಲ್ಲರಿಗಿಂತ ಒಂದು ತಾಸು ಮೊದಲೇ ಮುಟ್ಟಿದ್ದ. ಸಂಜೆ ಊಟಕ್ಕೆ ಕೂತಾಗ, ಮನೆಯಲ್ಲಿ ಐದು ರೊಟ್ಟಿ ತಿನ್ನುವ ಆ ಮನುಷ್ಯ ದಾಲ್ ಅನ್ನ ಕಲಸಿದ, ಬೆರಳಲ್ಲೇ ಆಡಿಸಿದ, ತಾಟನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ‘ಏನಾತೋ?’ ಅಂದೆ. ‘ಏನಿಲ್ಲೋ ಮಾರಾಯಾ, ಬಸ್ಸಿನ್ಯಾಗ ನಿದ್ದಿ ಆಗಿಲ್ಲ, ತಲಿ ಹಿಡದೈತಿ’ ಅಂದ. ನಾನು ನಂಬಿಬಿಟ್ಟೆ.

ರಾತ್ರಿ ಡೇರೆಯಲ್ಲಿ ಅವನ ಉಸಿರು ನಡುನಡುವೆ ನಿಲ್ಲುತ್ತಿತ್ತು. ಏಳೆಂಟು ಎಣಿಸುವಷ್ಟು ಹೊತ್ತು ಸದ್ದೇ ಇಲ್ಲ, ಆಮೇಲೆ ನೀರಿನಿಂದ ಮೇಲೆದ್ದವನಂತೆ ಒಂದು ದೊಡ್ಡ ಉಸಿರು. ಗಾಬರಿಯಾಗಿ ನಾನು ಕೂತೇ ಇದ್ದೆ. ಎತ್ತರದಲ್ಲಿ ನಿದ್ದೆಯ ಉಸಿರಾಟ ಹೀಗಾಗುವುದು ಆರೋಗ್ಯವಂತರಲ್ಲೂ ಸಾಮಾನ್ಯ ಎಂದು ಆಮೇಲೆ ತಿಳಿಯಿತು. ಅವನಿಗೆ ನಿಜವಾಗಿ ಕಾಯಿಲೆಯಾಗಿದೆ ಎಂದು ತೋರಿಸಿದ್ದು ಬೇರೆ. ರಾತ್ರಿ ಎರಡು ಸಲ ವಾಂತಿಯಾಯಿತು, ಗುಳಿಗೆ ತಗೊಂಡರೂ ತಲೆನೋವು ಇಳಿಯಲಿಲ್ಲ. ನಸುಕಿನಲ್ಲಿ ಗೈಡ್ ಬಂದು, ಮೆದುಳಿಗೆ ತೊಂದರೆಯಾಗಿದೆಯೇ ಎಂದು ನೋಡಲು, ಅವನನ್ನು ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿದ. ಗೆಳೆಯ ತಪ್ಪದೆ ನಡೆದ. ಆದರೂ ಗೈಡ್ ಒಪ್ಪಲಿಲ್ಲ, ಒಬ್ಬ ಸಹಾಯಕನ ಜೊತೆ ಅವನನ್ನು ಕೆಳಗೆ ಕಳಿಸಿಯೇಬಿಟ್ಟ. ಚಿಕಾ ಎಂಬ ಹುಲ್ಲುಗಾವಲು 3,100 ಮೀಟರಿನಲ್ಲಿದೆ, ಇಳಿದದ್ದು 500 ಮೀಟರ್ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಅವನು ಎದ್ದು ಕೂತು ಊಟ ಕೇಳಿದನಂತೆ. ಅದೇ ದಿನ ಮಾಸ್ತರರು ಪಾಸ್ ದಾಟಿದರು, ನಮ್ಮೆಲ್ಲರಿಗಿಂತ ಹಿಂದೆ, ತಮ್ಮದೇ ಹೆಜ್ಜೆಯಲ್ಲಿ.

ಪಾಸ್ ಚಾರಣದ ವಿಶೇಷ ಅಪಾಯವೂ ಇಲ್ಲೇ ಇದೆ. ಶಿಖರ ಏರುವವರು ಹತ್ತಿದ ದಾರಿಯಲ್ಲೇ ಇಳಿಯುವುದು ಹೆಚ್ಚು. ಪಾಸ್ ಎಂದರೆ ಎರಡು ಕಣಿವೆಗಳ ನಡುವಿನ ಬಾಗಿಲು, ಆಚೆ ಇಳಿಯಬೇಕಾದರೆ ಮೊದಲು ಹೊಸ್ತಿಲು ಹತ್ತಲೇಬೇಕು. ಬಾಲು ಕಾ ಘೇರಾದಿಂದ ಹಂಪ್ತಾದ ನೆತ್ತಿಗೆ 670 ಮೀಟರ್ ಏರು, ಆಚೆ ಶಿಯಾ ಗೋರುವಿಗೆ ಇಳಿದ ಮೇಲೂ ಮಲಗುವುದು ಸುಮಾರು 3,900 ಮೀಟರಿನಲ್ಲಿ. ಅಂದರೆ ಕಾಯಿಲೆ ಬಿದ್ದವರು ಮುಂದೆ ಹೋದರೆ ರಾತ್ರಿಗೆ ಇನ್ನೂ ಎತ್ತರದಲ್ಲೇ ಇರುತ್ತಾರೆ. ‘ಹೆಂಗಾದ್ರೂ ದಾಟಿಬಿಟ್ರ ಆಚೆ ಇಳಿತೀವಲ್ಲ’ ಎಂಬ ಲೆಕ್ಕ ಅದಕ್ಕೇ ತಪ್ಪು. ದಾಟಬೇಕೋ ಬೇಡವೋ ಎಂಬುದನ್ನು ಹಿಂದಿನ ಸಂಜೆಯೇ, ಹಿಂದಕ್ಕೆ ಇಳಿಯುವ ದಾರಿ ಸುಲಭವಿರುವಾಗಲೇ, ಗೈಡ್ ಮುಂದೆ ಏನನ್ನೂ ಮುಚ್ಚಿಡದೆ ತೀರ್ಮಾನಿಸಬೇಕು. ನಮ್ಮ ಹುಡುಗರಲ್ಲಿ ಒಂದು ಮರ್ಯಾದೆಯ ಪ್ರಶ್ನೆ ಇದೆ, ‘ಏನೂ ಆಗಿಲ್ಲ’ ಎನ್ನುವುದೇ ಗಂಡಸುತನ ಎನ್ನುವುದು. ಆ ಎತ್ತರದಲ್ಲಿ ಆ ಮಾತು ಜೀವಕ್ಕೆ ಬರುತ್ತದೆ.

2,500 ಮೀಟರಿಗಿಂತ ಮೇಲೆ ತಲೆನೋವಿನ ಜೊತೆ ಹೊಟ್ಟೆ ತೊಳಸುವುದು, ಊಟ ಬೇಡವಾಗುವುದು, ಅತಿ ಸುಸ್ತು, ತಲೆಸುತ್ತು ಇದ್ದರೆ ಎತ್ತರದ ಕಾಯಿಲೆ ಎಂದೇ ತಿಳಿಯಿರಿ. ಗುಣವಾಗುವವರೆಗೆ ಅದೇ ಎತ್ತರದಲ್ಲಿ ನಿಲ್ಲಬೇಕು, ಗುಣವಾಗದಿದ್ದರೆ ಇಳಿಯಬೇಕು. ಕುಡಿದವರಂತೆ ತೂರಾಡುವುದು, ಮಾತು ತಪ್ಪುವುದು ಮೆದುಳು ಊದಿಕೊಂಡ ಲಕ್ಷಣ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ನಸುಗೆಂಪು ನೊರೆ ಬಂದರೆ ಪುಪ್ಪುಸದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಇವೆರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು, ನಡುರಾತ್ರಿಯಾದರೂ ಕೆಳಗೆ ಇಳಿಸಬೇಕು. ಸಿಲಿಂಡರ್ ಇದ್ದರೆ ಆಮ್ಲಜನಕ ಕೊಡುತ್ತಲೇ ಇಳಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರನ್ನೇ ನಂಬಿ ಕೂರಬೇಡಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ಅದು ತಪ್ಪು ಅಂಕಿ ತೋರಿಸುತ್ತದೆ.

ಡೈಮಾಕ್ಸ್ ಗುಳಿಗೆಯ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ಅದರೊಳಗಿನ ಅಸಿಟಜೋಲಮೈಡ್, ಮೂತ್ರಪಿಂಡ ಬೈಕಾರ್ಬೊನೇಟ್ ಹೊರಹಾಕುವ ಆ ಕೆಲಸವನ್ನು ಚುರುಕುಗೊಳಿಸುತ್ತದೆ, ಕಾಯಿಲೆಯನ್ನು ಮುಚ್ಚಿಡುವುದಿಲ್ಲ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಮೇಲೆ ಹೋಗುವ ಹಿಂದಿನ ದಿನದಿಂದ ಕೊಡುತ್ತಾರೆ. ಬೆರಳು ಜುಮ್ಮೆನ್ನುವುದು ಅದರ ಸಾಮಾನ್ಯ ಅಡ್ಡಪರಿಣಾಮ. ಸಲ್ಫಾ ಔಷಧ ಒಗ್ಗದವರು ತಾವಾಗಿ ತೆಗೆದುಕೊಳ್ಳಬಾರದು. ಬೇಕೋ ಬೇಡವೋ ಎಂಬುದನ್ನು ನಿಮ್ಮೂರ ವೈದ್ಯರೇ ಹೇಳಲಿ. ಕರ್ಪೂರದ ವಿಷಯ ಹೇಳಲೇಬೇಕು. ಕೇದಾರನಾಥ, ಅಮರನಾಥ, ಕೈಲಾಸ ಯಾತ್ರೆಗೆ ಹೋಗುವ ನಮ್ಮ ಹಿರಿಯರು ಬಟ್ಟೆಯಲ್ಲಿ ಕರ್ಪೂರ ಕಟ್ಟಿಕೊಂಡು ಮೂಸುತ್ತಾ ಹೋಗುತ್ತಾರೆ. ಮೂಗು ತೆರೆದಂತೆ ಹಾಯೆನಿಸಬಹುದು, ರಕ್ತಕ್ಕೆ ಆಮ್ಲಜನಕ ಮಾತ್ರ ಹೆಚ್ಚುವುದಿಲ್ಲ. ಕೈಲಾಸ ಪರಿಕ್ರಮದ ಡೋಲ್ಮಾ ಲಾ 5,600 ಮೀಟರಿಗೂ ಎತ್ತರದ ಪಾಸ್. ಕರ್ಪೂರ ನಂಬಿ ಅಂಥಲ್ಲಿ ಅವಸರ ಮಾಡಬೇಡಿ ಎಂದು ಮನೆಯ ಹಿರಿಯರಿಗೂ ಹೇಳಿ.

ಈಗ ನೀವು ಮಾಡಬೇಕಾದ್ದು. ಚಾರಣ ನಡೆಸುವವರಿಂದ ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಕೇಳಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದೇ ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಕಳೆಯಬೇಕು. ಮನಾಲಿ 2,050, ಚಿಕಾ 3,100, ಬಾಲು ಕಾ ಘೇರಾ 3,600, ಶಿಯಾ ಗೋರು 3,900. ನೋಡಿ, ಮೊದಲ ಜಿಗಿತವೇ ಸಾವಿರ ಮೀಟರಿಗೂ ಹೆಚ್ಚು. ಮನಾಲಿಯಲ್ಲಿ ಎರಡು ರಾತ್ರಿ, ಚಿಕಾದಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಗುಂಪಿನವರು ಒಪ್ಪದಿದ್ದರೆ ಒಪ್ಪುವ ಗುಂಪು ಹುಡುಕಿ. ಅಲ್ಲಿಯ ಗದ್ದಿ ಕುರಿಗಾಹಿಗಳು ಬೇಸಿಗೆಯಲ್ಲಿ ಇಂಥ ಪಾಸ್ ದಾಟಿಯೇ ಆಚೆಗಿನ ಲಾಹೌಲ್ ಕಣಿವೆಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಕುರುಬರು ಕಂಬಳಿ ಹೊದ್ದು ಹೊಲದಿಂದ ಹೊಲಕ್ಕೆ ಕುರಿ ಹಾಯಿಸಿಕೊಂಡು ಹೋಗುವ ಹಾಗೆಯೇ, ಮೇಯಿಸುತ್ತಾ, ನಿಲ್ಲುತ್ತಾ. ನಿಮ್ಮ ನಡಿಗೆ ಆ ವೇಗದ್ದಿರಲಿ. ಮಾತಾಡುತ್ತಾ ನಡೆಯಲು ಆಗುತ್ತಿಲ್ಲ ಎಂದರೆ ಹೆಜ್ಜೆ ಜೋರಾಯಿತು ಎಂದೇ ಲೆಕ್ಕ.

ನಿಮ್ಮ ಓಟ ವ್ಯರ್ಥವಲ್ಲ. ಪಾಸ್ ದಾಟುವ ದಿನ ಎಂಟು ಹತ್ತು ತಾಸು ನಡೆಯಬೇಕು, ಆಗ ಆ ಕಾಲು ಬೇಕೇ ಬೇಕು. ಆದರೆ ಸಪಾಟು ರಸ್ತೆಯ ಓಟ ಇಳಿಜಾರನ್ನು ಕಲಿಸುವುದಿಲ್ಲ, ಮೊಣಕಾಲು ಸೋಲುವುದು ಇಳಿಯುವಾಗಲೇ. ವಾರಕ್ಕೆ ಎರಡು ದಿನ ಓಟ ಬಿಟ್ಟು ಬೆನ್ನಿಗೆ ಏಳೆಂಟು ಕಿಲೋ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ, ಎತ್ತರದ ಯಾವ ಕಟ್ಟಡವಾದರೂ ಸಾಕು. ತಿಂಗಳಿಗೊಂದು ಭಾನುವಾರ ಬಾದಾಮಿಯ ಗುಡ್ಡಗಳಿಗೆ ಹೋಗಿ. ಬೆಳಗಾವಿಯವರಾದರೆ ಯಳ್ಳೂರಿನ ರಾಜಹಂಸಗಡ ಇದೆ. ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋದವರು ನಿಮ್ಮ ಓಣಿಯಲ್ಲೇ ಇರುತ್ತಾರೆ. ದಿನಗಟ್ಟಲೆ ನಡೆಯುವಾಗ ಬೊಕ್ಕೆ ಏಳದಂತೆ ಪಾದ ನೋಡಿಕೊಳ್ಳುವುದು ಹೇಗೆ ಎಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು. ರಕ್ತಹೀನತೆ, ಬಿಪಿ, ಹೃದಯದ ತೊಂದರೆ ಇದ್ದವರು ತಪಾಸಣೆ ಮಾಡಿಸದೆ ಹೊರಡಬಾರದು.

ಎತ್ತರದಲ್ಲಿ ಹಸಿವು ಸಾಯುತ್ತದೆ, ಹಾಗೆಂದು ಉಪವಾಸ ಇರಬಾರದು. ಅಮೀನಗಡದ ಕರದಂಟನ್ನು ಸಣ್ಣ ಸಣ್ಣ ತುಂಡು ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಳ್ಳಿ. ಹೊರಗೆ ಚೀಲದಲ್ಲಿಟ್ಟರೆ ಚಳಿಗೆ ಕಲ್ಲಾಗಿ ಹಲ್ಲಿಗೆ ಬರುವುದಿಲ್ಲ. ಬಾಯಾರಿಕೆ ಕಾಣದಿದ್ದರೂ ದಿನಕ್ಕೆ ಮೂರು ಲೀಟರಿನಷ್ಟು ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮದ್ಯ, ನಿದ್ದೆ ಗುಳಿಗೆ ಎರಡೂ ಬೇಡ, ರಾತ್ರಿಯ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ.

ಪೈಲ್ವಾನ್ ಗೆಳೆಯ ಮರುವರ್ಷ ಮತ್ತೆ ಹೋದ. ಈ ಸಲ ಚಿಕಾದಲ್ಲಿ ಎರಡು ರಾತ್ರಿ ಉಳಿದ, ಮಾಸ್ತರರ ಹಿಂದೆಯೇ ನಡೆದ. ಈಚೆ ಕುಲುವಿನ ಹಸಿರು, ಆಚೆ ಲಾಹೌಲಿನ ಬೋಳು ಕಂದು ಬೆಟ್ಟ. ಖಾನಾಪುರದ ಮಳೆಕಾಡು ಬಿಟ್ಟು ಸವದತ್ತಿಯ ಕರಿಮಣ್ಣಿಗೆ ಬಂದಂತೆ, ಆದರೆ ಒಂದೇ ನೆತ್ತಿಯ ಮೇಲೆ ನಿಂತು ಎರಡೂ ಕಾಣುತ್ತವೆ. ಅಲ್ಲಿಂದ ಇಳಿದು ಬಂದವನೇ ಫೋನ್ ಮಾಡಿ ಮೊದಲು ಹೇಳಿದ್ದು, ‘ಬಾಲು ಕಾ ಘೇರಾದಾಗ ಎರಡ ತಾಟ ಉಂಡೆ ನೋಡಪಾ’ ಅಂತ.